ರಾಯಚೂರಿನಿಂದ ದಿಲ್ಲಿಗೆ ಮನಿ ಮಂದಿನ್ನೆಲ್ಲಾ ಕರ್ಕೊಂಡು ಹೋಗೋದು ಹೆಂಗ

ದಿಲ್ಲಿ ನೋಡಾಕ ಹೋಗೋಣು ಅಂತ ಮನಿಯಾಗ ಮಾತು ಬಂತಂದ್ರ ಎಲ್ಲಾರೂ ಮೊದಲು ಮಾಡೋ ಕೆಲಸ ಪಟ್ಟಿ ಬರೆಯೋದು. ಕೆಂಪು ಕೋಟಿ, ಕುತುಬ್ ಮಿನಾರ್, ಇಂಡಿಯಾ ಗೇಟ್, ಅಕ್ಷರಧಾಮ, ಲೋಟಸ್ ಟೆಂಪಲ್, ಅದರ ಮ್ಯಾಲ ಪಕ್ಕದ ಮನಿಯೋರು ಹೇಳಿದ್ದು ನಾಕು, ಮೊಬೈಲ್‌ನಾಗ ನೋಡಿದ್ದು ಐದಾರು, ಹಿಂಗ ಪಟ್ಟಿ ಉದ್ದ ಆಗ್ತದ, ಆಮ್ಯಾಲ ಅಲ್ಲಿ ಹೋಗಿ ಆ ಪಟ್ಟಿ ಮುಗಸಾಕ ಓಡಾಡಿ ಅವ್ವನ ಮೊಳಕಾಲು ಬಾಯಿ ಬಿಡ್ತದ, ಸಣ್ಣ ಹುಡುಗ್ರು ರಸ್ತಾದಾಗ ಕುಂತು ಅಳ್ತಾವ, ಗಂಡ ಹೆಂಡ್ತಿ ಮಾತು ಬಿಡ್ತಾರ. ನಾ ಹೇಳೋದು ಏನಂದ್ರ ಪಟ್ಟಿ ಆಮ್ಯಾಲ ಬರೀರಿ, ಮೊದಲು ಎರಡು ವಿಷಯ ಗಟ್ಟಿ ಮಾಡ್ಕೊಳ್ರಿ. ನೀವು ಅಲ್ಲಿರೋ ದಿನಗಳೊಳಗ ಸೋಮವಾರ ಯಾವತ್ತು ಬರ್ತದ ಅನ್ನೋದು ಒಂದು, ನಿಮ್ಮ ಜೋಡಿ ಬರೋರೊಳಗ ಎಲ್ಲಾರಿಗಿಂತ ಕಡಿಮಿ ನಡಿಯೋರು ದಿನಕ್ಕ ಎಷ್ಟು ನಡೀತಾರ ಅನ್ನೋದು ಇನ್ನೊಂದು. ಇವೆರಡೂ ಗೊತ್ತಾದ್ರ ಉಳದಿದ್ದು ತಾನಾಗೇ ಕುಂದರ್ತದ.

ಯಾವಾಗ ಹೋಗಬೇಕು ಅನ್ನೋದು ನೋಡೋಣು. ನಮ್ಮ ರಾಯಚೂರು ಬಿಸಲಿಗೆ ಹೆದರದೋರು ದಿಲ್ಲಿ ಬಿಸಲಿಗೆ ಏನು ಹೆದರ್ತಾರ ಅಂತ ಮೇ ತಿಂಗಳ ರಜಾದಾಗ ಹೊಂಟ್ರ, ಬಿಸಲು ತಡಕೊಬಹುದು, ಆದ್ರ ಅಲ್ಲಿ ಮಧ್ಯಾಹ್ನ ಬೀಸೋ ಲೂ ಗಾಳಿ ಬ್ಯಾರೇನೇ, ನೆರಳಿನ್ಯಾಗ ನಿಂತ್ರೂ ಮಾರಿ ಸುಡ್ತದ. ಡಿಸೆಂಬರ್ ಜನವರಿ ಅಂದ್ರ ಚಳಿ, ಚಳಿಗಿಂತ ಮಂಜಿನ ಕಾಟ ಹೆಚ್ಚು, ಗಾಡಿಗಳು ತಾಸುಗಟ್ಟಲೆ ಲೇಟ್ ಆಗ್ತಾವ. ದೀಪಾವಳಿ ಆದ್ಮ್ಯಾಲ ಹೊಗಿ ಕವಿತದ, ದಮ್ಮು ಇರೋರ್ನ ಆವಾಗ ಕರ್ಕೊಂಡು ಹೋಗಲೇಬ್ಯಾಡ್ರಿ. ಸಾಲಿ ಹುಡುಗ್ರು ಇರೋ ಮನಿಗೆ ದಸರಾ ರಜಾ ಛಲೋ, ಹುಡುಗ್ರ ಪರೀಕ್ಷಾ ಚಿಂತಿ ಇಲ್ಲದ ಮನಿಗೆ ಫೆಬ್ರುವರಿ ಕೊನಿ, ಮಾರ್ಚ್ ಮೊದಲು ಇನ್ನೂ ಛಲೋ, ಯಾಕಂದ್ರ ಆವಾಗ ರಾಷ್ಟ್ರಪತಿ ಭವನದ ಅಮೃತ್ ಉದ್ಯಾನ ಜನಕ್ಕ ತೆಗೆದಿರ್ತಾರ, ಹೂವು ನೋಡಬೇಕಂದ್ರ ಅಲ್ಲೇ ನೋಡಬೇಕು. ಜನವರಿ 26 ಮತ್ತ ಆಗಸ್ಟ್ 15 ಹತ್ರದ ದಿನ ಬಿಟ್ಬಿಡ್ರಿ. ಪರೇಡ್ ರಿಹರ್ಸಲ್ ಅಂತ ಕರ್ತವ್ಯ ಪಥ ಬಂದ್ ಮಾಡ್ತಾರ, ಆಗಸ್ಟ್‌ನಾಗ ಬಂದೋಬಸ್ತಿಗೆ ಅಂತ ಕೆಂಪು ಕೋಟಿನೇ ಮುಚ್ಚಿರ್ತಾರ.

ಇನ್ನ ಟಿಕೆಟ್. ರಾಯಚೂರಿನೋರಿಗೆ ಪುಣ್ಯಕ್ಕ ಕರ್ನಾಟಕ ಎಕ್ಸ್‌ಪ್ರೆಸ್ ಮನಿ ಮುಂದ ಬಂದಂಗ ಬರ್ತದ, ಬೆಂಗಳೂರಿನಿಂದ ಗುಂತಕಲ್, ಮಂತ್ರಾಲಯ ರೋಡ್, ರಾಯಚೂರು, ಯಾದಗಿರಿ, ಕಲಬುರಗಿ, ಸೊಲ್ಲಾಪುರ ಮ್ಯಾಲಿಂದ ನೇರ ನ್ಯೂ ದಿಲ್ಲಿಗೆ. ಬಳ್ಳಾರಿಯೋರು, ಕೊಪ್ಪಳದೋರು ಗುಂತಕಲ್‌ಗೆ ಹೋಗಿ ಅದೇ ಗಾಡಿ ಹತ್ತಬಹುದು, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಎಲ್ಲಾ ಗುಂತಕಲ್ ಲೈನ್ ಮ್ಯಾಲೇ ಅವ. ಇಲ್ಲೊಂದು ಫಜೀತಿ ಅದ ನೋಡ್ರಿ. ಈ ಗಾಡಿ ಬೆಂಗಳೂರು ಬಿಡೋದು ಸಂಜಿ ಆದ್ಮ್ಯಾಲ, ರಾಯಚೂರಿಗೆ ಬರೋವಾಗ ರಾತ್ರಿ ಹನ್ನೆರಡು ದಾಟಿ ತಾರೀಖು ಬದಲಾಗಿರ್ತದ. ಅಂದ್ರ ಶುಕ್ರವಾರ ರಾತ್ರಿ ಊಟ ಮಾಡಿ ಮನಿ ಬಿಡ್ತೀರಿ ಅಂದ್ರ ಟಿಕೆಟ್ ಇರಬೇಕಾದ್ದು ಶನಿವಾರದ ತಾರೀಖಿಗೆ. ಶನಿವಾರದ ಟಿಕೆಟ್ ಮಾಡಿಸಿ ಶನಿವಾರ ರಾತ್ರಿ ಸ್ಟೇಷನ್‌ಗೆ ಹೋದ್ರ ನಿಮ್ಮ ಗಾಡಿ ಹೋಗಿ ಒಂದು ದಿನ ಆಗಿರ್ತದ. ಗುಂತಕಲ್‌ನಾಗ ಹತ್ತೋರು ಇನ್ನೂ ಹುಷಾರಿರಬೇಕು, ಅಲ್ಲಿ ಟೈಮು ಹನ್ನೆರಡರ ಈಚಿಗೆ ಅದೋ ಆಚಿಗೆ ಅದೋ ಟಿಕೆಟ್ ಮ್ಯಾಲ ನೋಡಿ ಕ್ಯಾಲೆಂಡರ್ ಮ್ಯಾಲ ಗುರ್ತು ಮಾಡ್ರಿ.

ಮುಂಗಡ ಬುಕಿಂಗ್ ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ 60 ದಿನ ಮಾಡ್ಯಾರ. ಆರೇಳು ಮಂದಿ ಹೋಗೋದಿದ್ರ ಬುಕಿಂಗ್ ತೆರೆಯೋ ದಿನಾನೇ ಮುಂಜಾನಿ ಕುಂತು ಮಾಡಿಬಿಡ್ರಿ, ತತ್ಕಾಲ್ ನಂಬ್ಕೊಂಡು ಇಡೀ ಸಂಸಾರ ಹೊರಡೋದು ಬ್ಯಾಡ. ಸಣ್ಣೋರ ಲೆಕ್ಕ ಹಿಂಗದ: 5 ವರ್ಷದೊಳಗಿನ ಕೂಸಿಗೆ ಬರ್ತ್ ಬ್ಯಾಡಂದ್ರ ಟಿಕೆಟ್ ಇಲ್ಲ, 5ರಿಂದ 12ರೊಳಗಿನೋರಿಗೆ ಬರ್ತ್ ಬೇಕಂದ್ರ ಪೂರಾ ಚಾರ್ಜು, ಬ್ಯಾಡಂದ್ರ ಅರ್ಧ. ಇಷ್ಟು ದೂರಕ್ಕ ಅರ್ಧ ಟಿಕೆಟ್ ಆಸಿ ಬ್ಯಾಡ್ರಿ, ಹತ್ತು ವರ್ಷದ ಹುಡುಗನ್ನ ಕಾಲ್ದೆಸಿಗೆ ಮಲಗಿಸ್ಕೊಂಡು ಎರಡು ರಾತ್ರಿ ಕಳೆಯೋದು ಅಂದ್ರ ಯಾರಿಗೂ ನಿದ್ದಿ ಇಲ್ಲ. ಹಿರಿಯರಿಗೆ ಇದ್ದ ರಿಯಾಯ್ತಿ 2020ರಾಗ ಹೋಯ್ತು, ಆದ್ರ ಕೆಳಗಿನ ಬರ್ತ್ ಕೋಟಾ ಅದ, ಗಂಡಸರು 60 ದಾಟಿದೋರು, ಹೆಣ್ಮಕ್ಕಳು 45 ದಾಟಿದೋರು ಇದರಾಗ ಮಾಡಿಸಬಹುದು, ಒಂದು ಟಿಕೆಟ್‌ಗೆ ಇಬ್ಬರೇ. ಅಪ್ಪ ಅವ್ವಂದು ಇದರೊಳಗ ಬ್ಯಾರೆ ಮಾಡಿಸಿದ್ರ ಕೆಳಗಿನ ಬರ್ತ್ ಸಿಗೋ ಆಸಿ ಹೆಚ್ಚು, ಆದ್ರ ಅವರದೊಂದು ಡಬ್ಬಿ ನಿಮ್ಮದೊಂದು ಡಬ್ಬಿ ಆಗೋ ಸಂಭವನೂ ಅದ, ಯಾವುದು ಬೇಕು ನೀವೇ ನೋಡ್ರಿ. ನನ್ನ ಕೇಳಿದ್ರ ವಯಸ್ಸಾದೋರು ಕಣ್ಮುಂದ ಇರೋದೇ ಛಲೋ, ಕೆಳಗಿನ ಬರ್ತ್ ಯಾರಾರ ಹುಡುಗ್ರ ಹತ್ರ ಬೇಡ್ಕೊಂಡ್ರ ಕೊಡ್ತಾರ.

ವಿಮಾನದಾಗ ಹೋಗೋರಿಗೆ ರಾಯಚೂರಿನಿಂದ ಹೈದರಾಬಾದೇ ಅನುಕೂಲ. ಶಂಷಾಬಾದ್ ಏರ್‌ಪೋರ್ಟ್ ನಮ್ಮ ಕಡಿಯಿಂದ ಹೋಗೋ ರಸ್ತಾಕ್ಕೇ ಹತ್ರ ಅದ, ಊರೊಳಗ ಹೋಗಿ ತಿರುಗಿ ಬರೋ ಜರೂರತ್ತಿಲ್ಲ, ಜಡಚರ್ಲಾ ಮ್ಯಾಲೆ ಹೋಗೋ ಬಸ್ಸಿನ ಕಂಡಕ್ಟರ್‌ಗೆ ಮೊದಲೇ ಹೇಳಿ ಶಂಷಾಬಾದ್‌ನಾಗ ಇಳೀರಿ. ಕೊಪ್ಪಳದೋರಿಗೆ ಹುಬ್ಬಳ್ಳಿ ಹತ್ರ.

ಗಾಡಿಯಾಗಿನ ಬುತ್ತಿ ಬಗ್ಗೆ ನಮ್ಮ ಹೆಣ್ಮಕ್ಕಳಿಗೆ ಹೇಳೋದು ಏನೂ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು ಸೊಲ್ಲಾಪುರದ ತನಕ ತಡೀತದ. ರೊಟ್ಟಿ ಗಂಟು ಸ್ವಲ್ಪ ದೊಡ್ಡದೇ ಕಟ್ರಿ, ದಿಲ್ಲಿಯಾಗ ಎರಡನೇ ದಿನಕ್ಕ ಅಪ್ಪ ಪರಾಠಾ ನೋಡಿ ಮಾರಿ ತಿರುವಿದಾಗ ಅದೇ ಕಾಪಾಡೋದು.

ಇಲ್ಲೊಂದು ಉಪಾಯ ಹೇಳ್ತೀನಿ. ತಾಜ್ ಮಹಲ್ ನೋಡೋ ಇರಾದೆ ಇದ್ರ ದಿಲ್ಲಿಗೆ ಹೋಗಿ ಮತ್ತ ಆಗ್ರಾಕ್ಕ ವಾಪಸ್ ಬರಬ್ಯಾಡ್ರಿ. ಕರ್ನಾಟಕ ಎಕ್ಸ್‌ಪ್ರೆಸ್ ದಿಲ್ಲಿ ಮುಟ್ಟೋಕಿಂತ ಮೊದಲು ಮುಂಜಾನಿ ಆಗ್ರಾ ಕ್ಯಾಂಟ್‌ನಾಗ ನಿಲ್ತದ. ಅಲ್ಲಿ ತನಕನೇ ಟಿಕೆಟ್ ಮಾಡ್ಸಿ, ಇಳಿದು ಸಾಮಾನು ಕ್ಲೋಕ್ ರೂಮಿನಾಗ ಇಟ್ಟು, ಬಿಸಲು ಏರೋದ್ರೊಳಗ ತಾಜ್ ನೋಡಿ, ಮಧ್ಯಾಹ್ನ ಊಟ ಮಾಡಿ ಸಂಜಿ ಗಾಡಿಗೆ ದಿಲ್ಲಿಗೆ ಹೋಗ್ರಿ, ದಿಲ್ಲಿ ಕಡಿ ಆಗ್ರಾದಿಂದ ಗಾಡಿಗಳು ಭಾಳ ಅವ, ಸೀಟು ಮೊದಲೇ ಮಾಡ್ಸಿರಿ ಅಷ್ಟ. ತಾಜ್ ಟಿಕೆಟ್ 50 ರೂಪಾಯಿ, ಒಳಗ ಗೋರಿ ಇರೋ ಕಟ್ಟಡದ ತನಕ ಹೋಗಬೇಕಂದ್ರ ಇನ್ನ 200, 15 ವರ್ಷದೊಳಗಿನೋರಿಗೆ ಟಿಕೆಟ್ ಇಲ್ಲ. ಶುಕ್ರವಾರ ತಾಜ್ ಬಂದ್. ಹಂಗಂತ ಶುಕ್ರವಾರ ಆಗ್ರಾ ಮುಟ್ಟೋಹಂಗ ಟಿಕೆಟ್ ಮಾಡಿಸ್ಕೊಂಡು ಗೇಟಿನ ಮುಂದ ನಿಂತು ಫೋಟೊ ತಗೊಂಡು ಬಂದೋರು ನಮ್ಮೂರಾಗೂ ಅದಾರ.

ನ್ಯೂ ದಿಲ್ಲಿ ಸ್ಟೇಷನ್‌ಗೆ ಎರಡು ಮಾರಿ ಅವ. ಒಂದನೇ ಪ್ಲಾಟ್‌ಫಾರ್ಮ್ ಕಡಿ ಪಹಾಡ್‌ಗಂಜ್, ಹದಿನಾರನೇ ಪ್ಲಾಟ್‌ಫಾರ್ಮ್ ಕಡಿ ಅಜ್ಮೇರಿ ಗೇಟ್. ಮೆಟ್ರೋ ಇರೋದು ಅಜ್ಮೇರಿ ಗೇಟ್ ಕಡಿ. ಹೊರಗ ಬಂದ್ ಕೂಡ್ಲೆ ನಾಕು ಮಂದಿ ಸುತ್ತ ನಿಲ್ತಾರ, ನಿಮ್ಮ ಹೋಟೆಲ್ ಇರೋ ಏರಿಯಾದಾಗ ಗಲಾಟಿ ಆಗ್ಯಾದ, ರಸ್ತಾ ಬಂದ್ ಅದ, ನಿಮ್ಮ ಬುಕಿಂಗ್ ಕ್ಯಾನ್ಸಲ್ ಆಗ್ಯಾದ, ಬರ್ರಿ ಗವರ್ನಮೆಂಟ್ ಟೂರಿಸ್ಟ್ ಆಫೀಸು ಇಲ್ಲೇ ಅದ ಅಂತ ಕರೀತಾರ. ಒಂದೂ ನಿಜ ಅಲ್ಲ. ನಿಂದ್ರಬ್ಯಾಡ್ರಿ, ಉತ್ತರ ಕೊಡಬ್ಯಾಡ್ರಿ, ಹೋಟೆಲ್‌ಗೆ ನೀವೇ ಫೋನ್ ಹಚ್ಚಿ ಕೇಳ್ರಿ. ಭಾಷಾದ ಚಿಂತಿ ನಮ್ಮ ಕಡಿಯೋರಿಗೆ ಅಷ್ಟಿಲ್ಲ, ಬಜಾರದಾಗ ಮಾತಾಡೋ ನಮ್ಮ ದಖ್ಖನಿ ಹಿಂದಿ ಅಲ್ಲಿ ನಡೀತದ, ನಗ್ತಾರ ಒಂದೀಟು, ನಗಲಿ.

ಉಳಕೊಳ್ಳಾಕ ಪಹಾಡ್‌ಗಂಜ್ ಸೋವಿ ಖರೆ, ಆದ್ರ ಸಂದಿ ಗೊಂದಿ, ಗದ್ದಲ, ವಯಸ್ಸಾದೋರು ಸಣ್ಣೋರು ಇರೋ ಮಂದಿಗೆ ಕರೋಲ್ ಬಾಗ್ ಅಡ್ಡಿಯಿಲ್ಲ. ಎಲ್ಲಿದ್ರೂ ಮೆಟ್ರೋ ಸ್ಟೇಷನ್ ನಡದು ಹೋಗೋಷ್ಟು ಹತ್ರ ಇರಬೇಕು, ಲಿಫ್ಟ್ ಅದನೋ ಇಲ್ಲೋ ಕೇಳ್ರಿ, ನಾಕನೇ ಮಹಡಿಗೆ ಮೆಟ್ಲ ಹತ್ತಿಸಿದ್ರ ಅವ್ವ ಮರುದಿನ ಎಲ್ಲೂ ಬರಂಗಿಲ್ಲ. ಚಾಣಕ್ಯಪುರಿಯಾಗ ಕರ್ನಾಟಕ ಭವನ ಅದ ಅಂತ ಎಲ್ಲಾರೂ ಹೇಳ್ತಾರ, ಅಲ್ಲಿ ಶಾಸಕರು, ಅಧಿಕಾರಿಗಳಿಗೆ ಮೊದಲ ಮರ್ಯಾದಿ, ರೂಮು ಸಿಕ್ಕರ ಪುಣ್ಯ, ಅದನ್ನೇ ನಂಬ್ಕೊಂಡು ಮಂದಿ ಕರ್ಕೊಂಡು ಹೋಗಬ್ಯಾಡ್ರಿ. ಎಲ್ಲಾರ ಆಧಾರ್ ಕಾರ್ಡು, ಕೂಸಿಂದೂ ಸೈತ, ಒರಿಜಿನಲ್ ಇಟ್ಕೊಳ್ರಿ.

ಮೆಟ್ರೋ ಕಲಿತ್ರ ಅರ್ಧ ದಿಲ್ಲಿ ಕಲಿತಂಗ. 2025ರ ಆಗಸ್ಟ್‌ನಾಗ ಚಾರ್ಜು ಏರ್ಸಿದ ಮ್ಯಾಲ ಕಡಿಮಿ ಅಂದ್ರ 11, ಹೆಚ್ಚು ಅಂದ್ರ 64 ರೂಪಾಯಿ, ವಾಟ್ಸಾಪ್‌ನಾಗೇ ಕ್ಯೂಆರ್ ಟಿಕೆಟ್ ತಗೋಬಹುದು, ಪಾಳಿ ಹಚ್ಚೋ ಕೆಲಸ ಇಲ್ಲ. ಮುಂದಿನ ಮೊದಲ ಡಬ್ಬಿ ಹೆಣ್ಮಕ್ಕಳಿಗೆ ಮಾತ್ರ. ಆದ್ರ ಹೆಣ್ಮಕ್ಕಳನ್ನ ಅಲ್ಲಿ ಹತ್ಸಿ ಗಂಡಸರು ಬ್ಯಾರೆ ಡಬ್ಬಿ ಹತ್ತೋದಾದ್ರ ಎಲ್ಲಿ ಇಳೀಬೇಕು ಅನ್ನೋದು ಇಬ್ಬರಿಗೂ ಬಾಯಿಪಾಠ ಇರಬೇಕು. ರಾಜೀವ್ ಚೌಕ್ ಸ್ಟೇಷನ್‌ನಾಗ ಸಂಜಿ ಹೊತ್ತು ಮಂದಿ ನೂಕಾಟ ಹೆಂಗಿರ್ತದಂದ್ರ ಬಾಗಲು ತೆರೆದು ಮುಚ್ಚೋದ್ರೊಳಗ ನಾಕು ಮಂದಿ ಒಳಗ, ಇಬ್ಬರು ಹೊರಗ ಉಳೀತಾರ. ಅದಕ್ಕ ಮನಿಯಾಗಿರೋವಾಗಲೇ ಒಂದು ನಿಯಮ ಮಾಡ್ರಿ: ಒಳಗಿದ್ದೋರು ಮುಂದಿನ ಸ್ಟೇಷನ್‌ನಾಗ ಇಳಿದು ಅಲ್ಲೇ ನಿಂದ್ರಬೇಕು, ಹೊರಗುಳಿದೋರು ಮುಂದಿನ ಗಾಡಿ ಹತ್ತಿ ಅಲ್ಲಿಗೆ ಬರಬೇಕು, ಯಾರೂ ವಾಪಸ್ ಬರಬಾರದು. ಇದನ್ನ ಸಣ್ಣೋರಿಗೂ ಅಜ್ಜಿಗೂ ಎರಡೆರಡು ಸಲ ಹೇಳಿಸ್ರಿ. ಹೋಟೆಲ್ ಹೆಸರು, ನಿಮ್ಮ ನಂಬರ್ ಬರೆದ ಚೀಟಿ ಒಂದೊಂದು ಅವರವರ ಕಿಸೆದಾಗ, ಸೆರಗಿನ ಗಂಟಿನಾಗ ಇರಲಿ, ಮೊಬೈಲ್ ಬ್ಯಾಟರಿ ನಂಬಬ್ಯಾಡ್ರಿ.

ಈಗ ಸೋಮವಾರದ ಮಾತು. ಕೆಂಪು ಕೋಟಿ, ನ್ಯಾಷನಲ್ ಮ್ಯೂಸಿಯಂ, ರೈಲ್ ಮ್ಯೂಸಿಯಂ, ಪ್ರಧಾನಮಂತ್ರಿ ಸಂಗ್ರಹಾಲಯ, ಗಾಂಧಿ ಸ್ಮೃತಿ, ಲೋಟಸ್ ಟೆಂಪಲ್, ಅಕ್ಷರಧಾಮ, ಇಷ್ಟೂ ಸೋಮವಾರ ಬಂದ್. ನೋಡ್ರಿ, ಮಂದಿ ಕೇಳೋ ಹೆಸರೊಳಗ ಅರ್ಧ ಇದರಾಗೇ ಅವ. ಆದ್ರ ಕುತುಬ್ ಮಿನಾರ್, ಹುಮಾಯೂನ್ ಗೋರಿ, ಪುರಾನಾ ಕಿಲಾ, ಜಂತರ್ ಮಂತರ್, ಗುರುದ್ವಾರಗಳು ದಿನಾ ತೆರೆದಿರ್ತಾವ. ಹಂಗಾಗಿ ಸೋಮವಾರ ಅಂದ್ರ ದಕ್ಷಿಣ ದಿಲ್ಲಿ ಅಂತ ಗುರ್ತು ಮಾಡಿ ಇಡ್ರಿ: ಮುಂಜಾನಿ ಕುತುಬ್, ಸಂಜಿ ಹುಮಾಯೂನ್. ಝೂ ಮಾತ್ರ ಶುಕ್ರವಾರ ಬಂದ್ ಇರ್ತದ, ಚಾಂದನಿ ಚೌಕ್ ಅಂಗಡಿ ಭಾಳಷ್ಟು ರವಿವಾರ ಮುಚ್ಚಿರ್ತಾವ.

ಕುತುಬ್‌ಗೆ ಹಳದಿ ಲೈನ್ ಮೆಟ್ರೋದಾಗ ಅದೇ ಹೆಸರಿನ ಸ್ಟೇಷನ್ ಅದ, ಅಲ್ಲಿಂದ ಆಟೋ. ಮಿನಾರ್ 72.5 ಮೀಟರ್ ಎತ್ತರ, ಒಳಗ 379 ಮೆಟ್ಲ, ಹುಡುಗ್ರು ಹತ್ತೋಣು ಅಂತಾರ, ಹತ್ತಾಕ ಬಿಡಂಗಿಲ್ಲ, 1981ರಾಗ ಒಳಗ ಕಾಲ್ತುಳಿತ ಆಗಿ ಸಾಲಿ ಹುಡುಗ್ರು ಸತ್ತ ಮ್ಯಾಲ ಬಾಗಲು ಹಾಕ್ಯಾರ. ಪಕ್ಕದಾಗಿರೋ ಕಬ್ಬಿಣದ ಕಂಬ ಮರೀಬ್ಯಾಡ್ರಿ, 7 ಮೀಟರ್ ಮಿಕ್ಕಿ ಎತ್ತರ, 6 ಟನ್ನಿಗೂ ಹೆಚ್ಚು ತೂಕ, ಗುಪ್ತರ ಕಾಲದ್ದು, ಇಷ್ಟು ಮಳಿ ಬಿಸಲಿಗೆ ತುಕ್ಕು ತಿಂದು ಹೋಗಿಲ್ಲ. ಬಳ್ಳಾರಿ ಕಡಿ ಕಬ್ಬಿಣದ ಅದಿರು, ತೋರಣಗಲ್ಲಿನ ಉಕ್ಕು ನೋಡಿ ಬೆಳೆದ ಹುಡುಗ್ರು ಇದ್ದರಂತೂ ಮಿನಾರಿಗಿಂತ ಹೆಚ್ಚು ಹೊತ್ತು ಇದರ ಮುಂದೇ ನಿಲ್ತಾರ, ನಿಲ್ಲಲಿ.

ಹುಮಾಯೂನ್ ಗೋರಿ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬ್ಯಾರೆ, ದಿಲ್ಲಿಯಾಗ ಒಂದೇ ಕಟ್ಟಡ ನೋಡಾಕ ಟೈಮ್ ಇದ್ರ ನಾ ಕೆಂಪು ಕೋಟಿ ಬಿಟ್ಟು ಇದನ್ನ ನೋಡ್ತೀನಿ. ತಾಜ್‌ಗಿಂತ ಹೆಚ್ಚು ಕಡಿಮಿ ಎಂಬತ್ತು ವರ್ಷ ಮುಂಚಿಂದು, ಸಂಜಿ ಬಿಸಲು ಕೆಂಪು ಕಲ್ಲಿನ ಮ್ಯಾಲ ಬೀಳೋವಾಗ ನೋಡಬೇಕು, ಹುಲ್ಲಿನ ಮ್ಯಾಲ ವಯಸ್ಸಾದೋರು ಕುಂದರಬಹುದು, ಗದ್ದಲ ಕಡಿಮಿ. ರಸ್ತಾ ದಾಟಿದ್ರ ಹಜರತ್ ನಿಜಾಮುದ್ದೀನ್ ದರ್ಗಾ. ನಮ್ಮ ಕಲಬುರಗಿ ಬಂದೇನವಾಜರ ಉರುಸಿಗೆ ಹೋಗೋರಿಗೆ ಇದು ದೂರದ್ದಲ್ಲ, ಬಂದೇನವಾಜರು ದಿಲ್ಲಿಯೋರೇ, ಅವರ ಗುರು ನಸೀರುದ್ದೀನ್ ಚಿರಾಗ್ ದೆಹಲವಿ, ಆ ಗುರುವಿನ ಗುರು ಈ ನಿಜಾಮುದ್ದೀನ್ ಔಲಿಯಾ. ಗಲ್ಲಿ ಸಣ್ಣದು, ಚಪ್ಪಲಿ ಇಡೋರು, ಹೂವು ಮಾರೋರು ಕೈ ಹಿಡಿದು ಎಳೀತಾರ, ಪರ್ಸ್ ಮುಂದಿನ ಕಿಸೆದಾಗ ಇಟ್ಕೊಂಡು ಸೀದಾ ಹೋಗ್ರಿ.

ಹಳೇ ದಿಲ್ಲಿಗೆ ಒಂದು ಪೂರಾ ದಿನ ಬೇಕು, ಅದರ ಮರುದಿನ ಹಗುರ ಇಟ್ಕೊಳ್ರಿ. ನೇರಳೆ ಲೈನಿನಾಗ ಲಾಲ್ ಕಿಲಾ ಸ್ಟೇಷನ್ ಕೋಟಿ ಮುಂದೇ ಅದ. ಕೋಟಿ ತೆರೆಯೋ ಹೊತ್ತಿಗೆ ಹೋದ್ರ ಪಾಳಿ ಕಡಿಮಿ, ಟಿಕೆಟ್ ಆನ್‌ಲೈನ್ ಮಾಡ್ಸಿದ್ರ ಇನ್ನೂ ಛಲೋ, 15ರೊಳಗಿನ ಹುಡುಗ್ರಿಗೆ ಪುಕ್ಕಟೆ. ಷಾಜಹಾನ್ 1639ರಾಗ ಕಟ್ಟಾಕ ಸುರು ಮಾಡಿ 1648ಕ್ಕ ಮುಗಿಸಿದ್ದು. ಲಾಹೋರಿ ಗೇಟ್ ನೋಡಿದ್ರ ಹುಡುಗ್ರಿಗೆ ತಾನೇ ಗೊತ್ತಾಗ್ತದ, ಆಗಸ್ಟ್ 15ಕ್ಕ ಟಿವಿಯಾಗ ಪ್ರಧಾನಿ ಬಾವುಟ ಹಾರಿಸೋದು ಅದರ ಮ್ಯಾಲೇ. ಒಳಗ ನಡೆಯೋದು ಭಾಳ ಅದ, ನೆರಳು ಕಡಿಮಿ, ಮೊಳಕಾಲು ನೋವಿರೋರ್ನ ದಿವಾನ್-ಎ-ಆಮ್ ತನಕ ಕರ್ಕೊಂಡು ಹೋಗಿ ಕುಂದ್ರಿಸಿ ಉಳಿದೋರು ಮುಂದ ಹೋಗಿ ಬರ್ರಿ. ಹೊರಗ ಬಂದು ಚಾಂದನಿ ಚೌಕ್. ಹಗಲು ಹೊತ್ತು ಮೇನ್ ರಸ್ತಾದಾಗ ಕಾರು ಬಿಡಂಗಿಲ್ಲ, ಸೈಕಲ್ ರಿಕ್ಷಾ ಹತ್ರಿ, ಹತ್ತೋಕಿಂತ ಮೊದಲು ಒಬ್ಬರಿಗೆಷ್ಟು ಅಲ್ಲ, ಒಟ್ಟು ಎಷ್ಟು ಅಂತ ಕೇಳ್ರಿ. ಗುರು ತೇಗ್ ಬಹಾದ್ದೂರ್ 1675ರಾಗ ಪ್ರಾಣ ಕೊಟ್ಟ ಜಾಗದಾಗ ಕಟ್ಟಿದ ಸೀಸ್‌ಗಂಜ್ ಗುರುದ್ವಾರ, ಪರಾಠೇವಾಲಿ ಗಲ್ಲಿ, ಜಾಮಾ ಮಸೀದಿ ಎಲ್ಲಾ ಇಲ್ಲೇ ಆಸುಪಾಸು.

ಇಲ್ಲಿ ತನಕ ಬಂದೋರು ಹೆಚ್ಚಿನ ಮಂದಿ ರೂಮಿಗೆ ತಿರುಗ್ತಾರ, ನೀವು ಮಾತ್ರ ಮೆಟ್ರೋದಾಗ ಎರಡೇ ಸ್ಟೇಷನ್ ಆಚಿಗೆ ದಿಲ್ಲಿ ಗೇಟ್‌ನಾಗ ಇಳಿದು ಫಿರೋಜ್ ಷಾ ಕೋಟ್ಲಾಕ್ಕ ಹೋಗ್ರಿ. ಹೆಸರು ಕೇಳಿ ಕ್ರಿಕೆಟ್ ಸ್ಟೇಡಿಯಂ ಅನ್ಕೋತಾರ, ಅದರ ಪಕ್ಕದ ಹಾಳು ಕೋಟಿ ನಾ ಹೇಳೋದು. ಅದರೊಳಗ ಮಹಡಿ ಮಹಡಿ ಕಟ್ಟಿದ ಒಂದು ಕಟ್ಟಡದ ತುದಿಗೆ ಅಶೋಕನ ಕಂಬ ನಿಂತದ, ಅಂಗೈ ಸವರಿದಂಗ ನುಣುಪು, ಸುತ್ತ ಬ್ರಾಹ್ಮಿ ಅಕ್ಷರ. 14ನೇ ಶತಮಾನದಾಗ ಫಿರೋಜ್ ಷಾ ತುಘಲಕ್ ಇದನ್ನ ಈಗಿನ ಹರಿಯಾಣದ ಟೋಪ್ರಾ ಅನ್ನೋ ಹಳ್ಳಿಯಿಂದ ತರಿಸಿದ್ದು, ಹತ್ತಿ ಹಾಸಿ ಅದರ ಮ್ಯಾಲ ಮೆಲ್ಲಕ ಉರುಳಿಸಿ, 42 ಗಾಲಿ ಬಂಡಿ ಮ್ಯಾಲ ಎಳಸಿ, ಯಮುನಾದಾಗ ದೋಣಿ ಮ್ಯಾಲ ಹೊರಿಸಿ ತಂದ್ರಂತ ಆ ಕಾಲದೋರೇ ಬರೆದಿಟ್ಟಾರ. ಅವನ ಕಾಲದಾಗ ಅದನ್ನ ಓದೋರೇ ಇರಲಿಲ್ಲ. 1837ರಾಗ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದ, ಬಿಡಿಸಿದ್ರೂ ಕಂಬದ ಮ್ಯಾಲ ಇದ್ದ ಹೆಸರು ದೇವಾನಾಂಪ್ರಿಯ ಪ್ರಿಯದರ್ಶಿ ಅಂತ. ಸಿಂಹಳದ ಗ್ರಂಥ ನೋಡಿ ಇವನೇ ಅಶೋಕ ಇರಬೇಕು ಅಂತ ವಿದ್ವಾಂಸರು ಹೇಳಿದ್ರು, ಕಲ್ಲಿನ ಮ್ಯಾಲೇ ಅಶೋಕ ಅನ್ನೋ ಹೆಸರು ಸಿಕ್ಕು ಮಾತು ಗಟ್ಟಿ ಆಗಿದ್ದು 1915ರಾಗ, ಎಲ್ಲಿ, ನಮ್ಮ ರಾಯಚೂರು ಜಿಲ್ಲಾದ ಮಸ್ಕಿಯಾಗ. ಕೊಪ್ಪಳದಾಗ ಗವಿಮಠ, ಪಾಲ್ಕಿಗುಂಡು ಎರಡೂ ಕಡಿ ಅಶೋಕನ ಶಾಸನ ಅವ, ಬಳ್ಳಾರಿ ಜಿಲ್ಲಾದಾಗ ನಿಟ್ಟೂರು, ಉದೇಗೋಳ ಅವ. ಅಂದ್ರ ಮೂರೂ ಜಿಲ್ಲಾದ ಹುಡುಗ್ರಿಗೆ ಈ ಕಂಬದ ಜೋಡಿ ಸಂಬಂಧ ಅದ. ದಿಲ್ಲಿಗೆ ಹೋಗೋಕಿಂತ ಮೊದಲು ಒಂದು ರವಿವಾರ ಮಸ್ಕಿಗೋ ಪಾಲ್ಕಿಗುಂಡಿಗೋ ಕರ್ಕೊಂಡು ಹೋಗಿ ಬರ್ರಿ, ಆಮ್ಯಾಲ ಕೋಟ್ಲಾದಾಗ ನಿಂದ್ರಿಸಿ ನೋಡ್ರಿ, ಹುಡುಗ್ರೇ ನಿಮಗ ತಿಳಿಸಿ ಹೇಳ್ತಾರ. ಕಂಬದ ಹತ್ರಕ್ಕ ಹತ್ತಿಸಲಿಲ್ಲಂದ್ರೂ ಕೆಳಗಿಂದ ಪೂರಾ ಕಾಣ್ತದ. ಗುರುವಾರ ಹೋದ್ರ ಇನ್ನೊಂದು ತಮಾಷಿ, ಮಂದಿ ಜಿನ್ ಅಂತ ಕರಿಯೋ ಕಣ್ಣಿಗೆ ಕಾಣದ ಶಕ್ತಿಗಳಿಗೆ ಅರ್ಜಿ ಬರೆದು ಗೋಡಿ ಸಂದಿಯಾಗ ಇಟ್ಟು ದೀಪ ಹಚ್ತಾರ, ಕೋರ್ಟ್ ಕೇಸು, ಲಗ್ನ, ನೌಕರಿ ಎಲ್ಲಾ ಅರ್ಜಿನೂ ಅಲ್ಲಿ ಇರ್ತಾವ.

ಇಂಡಿಯಾ ಗೇಟ್‌ಗೆ ಹಗಲು ಹೋಗಬ್ಯಾಡ್ರಿ, ಸಂಜಿ ಹೋಗ್ರಿ. ಮುಟ್ಟಿದ ದಿನ ಎಲ್ಲಾರೂ ದಣಿದಿರ್ತಾರಲ್ಲ, ಆವತ್ತಿನ ಸಂಜಿಗೆ ಇದೇ ಸರಿ, ಟಿಕೆಟ್ ಇಲ್ಲ, ಬಯಲು ಅದ, ಹುಡುಗ್ರು ಓಡಾಡ್ತಾರ. 42 ಮೀಟರ್ ಎತ್ತರದ್ದು, 1931ರಾಗ ಉದ್ಘಾಟನೆ ಆಗಿದ್ದು. ಅದರ ಹಿಂದ 2019ರಾಗ ಮಾಡಿದ ರಾಷ್ಟ್ರೀಯ ಯುದ್ಧ ಸ್ಮಾರಕ ಅದ, ಸುತ್ತ ಗೋಡಿ ಮ್ಯಾಲ ಹುತಾತ್ಮರ ಹೆಸರು ಕಲ್ಲಿನಾಗ ಕೆತ್ಯಾರ, ಅದಕ್ಕೂ ಟಿಕೆಟ್ ಇಲ್ಲ. ಗೇಟಿನ ಹತ್ರ ಛತ್ರಿ ಕೆಳಗ ನಿಂತಿರೋ ಕರಿ ಕಲ್ಲಿನ ನೇತಾಜಿ, 28 ಅಡಿ, ಅದನ್ನ ಕೆತ್ತಿದ್ದು ನಮ್ಮ ಮೈಸೂರಿನ ಅರುಣ್ ಯೋಗಿರಾಜ್, ಅಯೋಧ್ಯೆ ಬಾಲರಾಮನ್ನ ಕೆತ್ತಿದೋರೇ. ಇದನ್ನ ಅವ್ವಗ ಹೇಳ್ರಿ, ಮೂರ್ತಿ ಮುಂದ ಇನ್ನ ಹತ್ತು ನಿಮಿಷ ಹೆಚ್ಚಿಗೆ ನಿಲ್ತಾರ.

ಹಳೇ ದಿಲ್ಲಿ ತಿರುಗಿದ ಮರುದಿನ ಹಗುರ ಇರಲಿ ಅಂದೆನಲ್ಲ, ಆ ದಿನಕ್ಕ ಚಾಣಕ್ಯಪುರಿಯ ರೈಲ್ ಮ್ಯೂಸಿಯಂ. ಹುಡುಗ್ರಿದ್ರ ಇದನ್ನ ಬಿಡೋ ಮಾತೇ ಇಲ್ಲ, ಹಳೇ ಉಗಿ ಇಂಜಿನ್‌ಗಳು, ಪಟಿಯಾಲಾದ ಒಂದೇ ಹಳಿ ಗಾಡಿ, ಹುಡುಗ್ರು ಕುಂದರೋ ಟಾಯ್ ಟ್ರೇನ್, ಎಲ್ಲಾ ಬಯಲಿನಾಗೇ ಅವ. ನ್ಯಾಷನಲ್ ಮ್ಯೂಸಿಯಂನಾಗ ಮೊಹೆಂಜೊದಾರೋ ನರ್ತಕಿ ಅದ, ಸಾಲಿ ಪುಸ್ತಕದ ಚಿತ್ರದಾಗ ದೊಡ್ಡದು ಕಾಣ್ತದಲ್ಲ, ಖರೆ ಗೊಂಬಿ ಗೇಣುದ್ದನೂ ಇಲ್ಲ, ಹುಡುಗ್ರು ಇಷ್ಟೇನಾ ಅಂತಾರ. ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ ಹೈಸ್ಕೂಲು ಹುಡುಗ್ರಿಗೆ ಛಲೋ, ಸಣ್ಣೋರಿಗೆ ಬ್ಯಾಸರ.

ಅಕ್ಷರಧಾಮಕ್ಕ ಮಧ್ಯಾಹ್ನ ಮೂರರ ಮ್ಯಾಲ ಹೋಗಿ ರಾತ್ರಿ ಕಾರಂಜಿ ಶೋ ನೋಡ್ಕೊಂಡು ಬರ್ರಿ. ನೀಲಿ ಲೈನಿನಾಗ ಅದರದ್ದೇ ಸ್ಟೇಷನ್ ಅದ. ಮೊಬೈಲ್, ಬ್ಯಾಗು, ಕ್ಯಾಮೆರಾ ಒಂದೂ ಒಳಗ ಬಿಡಂಗಿಲ್ಲ, ಕ್ಲೋಕ್ ರೂಮ್ ಪಾಳಿನೇ ದೊಡ್ಡದು, ಅದಕ್ಕ ಬ್ಯಾಗು ರೂಮಿನಾಗೇ ಬಿಟ್ಟು ಹೋಗ್ರಿ. ಎಲ್ಲಾರ ಮೊಬೈಲ್ ಹೊರಗ ಇಟ್ಟ ಮ್ಯಾಲ ಒಬ್ಬರಿಗೊಬ್ಬರು ಸಿಗಲಿಲ್ಲಂದ್ರ ಫೋನ್ ಹಚ್ಚಾಕ ಬರಂಗಿಲ್ಲ, ಯಾವ ಬಾಗಲ ಹತ್ರ ಎಷ್ಟೊತ್ತಿಗೆ ಸೇರಬೇಕು ಅಂತ ಒಳಗ ಹೋಗೋಕಿಂತ ಮೊದಲೇ ಮಾತಾಡ್ಕೊಳ್ರಿ, ಒಬ್ಬರ ಕೈಯಾಗಾದ್ರೂ ಗಡಿಯಾರ ಇರಲಿ.

ಊಟದ್ದು. ನಮ್ಮ ನಾಲಿಗಿಗೆ ಖಾರ ಬೇಕು, ಅಲ್ಲಿ ಎಲ್ಲದ್ರಾಗೂ ಬೆಣ್ಣಿ, ಪನೀರು. ಇಂಡಿಯಾ ಗೇಟ್ ಹತ್ರ ಅಶೋಕಾ ರೋಡಿನ್ಯಾಗ ಆಂಧ್ರ ಭವನದ ಕ್ಯಾಂಟೀನ್ ಅದ, ಮಧ್ಯಾಹ್ನ ಅನ್ನ, ಪಪ್ಪು, ಪುಡಿ, ತುಪ್ಪ, ಉಪ್ಪಿನಕಾಯಿ ಬಡಿಸ್ತಾನೇ ಇರ್ತಾರ, ರಾಯಚೂರು ಬಳ್ಳಾರಿಯೋರಿಗೆ ಮನಿ ಊಟ ಉಂಡಂಗೇ ಆಗ್ತದ. ಪಾಳಿ ಇರ್ತದ, ಹಸಿವು ಆಗೋಕಿಂತ ಮೊದಲೇ ಹೋಗ್ರಿ. ರೊಕ್ಕ ಇಲ್ಲದ ಊಟ ಅಂದ್ರ ಬಂಗ್ಲಾ ಸಾಹಿಬ್ ಗುರುದ್ವಾರದ ಲಂಗರ್, ಕನಾಟ್ ಪ್ಲೇಸ್‌ನಿಂದ ಹತ್ರ. ಬೀದರಿನ ಗುರುನಾನಕ್ ಝೀರಾ ನೋಡಿದೋರಿಗೆ ಪದ್ಧತಿ ಗೊತ್ತಿರ್ತದ: ತಲಿ ಮುಚ್ಚಬೇಕು, ಚಪ್ಪಲಿ ಬಿಟ್ಟು ಕಾಲು ತೊಳಕೊಂಡು ಒಳಗ ಹೋಗಬೇಕು, ಕೊಡೋ ರೊಟ್ಟಿ ಎರಡೂ ಕೈಯಾಗ ತಗೋಬೇಕು, ತಾಟಿನಾಗ ಬಿಡಬಾರದು. ಥೇಟ್ ಕೊಪ್ಪಳ ಗವಿಮಠದ ಜಾತ್ರಿ ದಾಸೋಹ ಇದ್ದಂಗ ಸಾಲಿಗೆ ಸಾಲು ಕುಂದ್ರಿಸಿ ಬಡಿಸ್ತಾರ, ಮುಗಿದ ಮ್ಯಾಲ ನೀವೂ ರೊಟ್ಟಿ ಲಟ್ಟಿಸೋ ಕಡಿ ಹೋಗಿ ಕೈ ಹಚ್ಚಬಹುದು, ನಮ್ಮ ಹೆಣ್ಮಕ್ಕಳನ್ನ ಅಲ್ಲಿಂದ ಎಬ್ಬಿಸೋದೇ ಕಷ್ಟ ಆಗ್ತದ.

ಒಂದೇ ದಿನದಾಗ ಎಲ್ಲಾ ತೋರಸ್ತೀವಿ ಅನ್ನೋ ಟೂರಿಸ್ಟ್ ಬಸ್ ಬಗ್ಗೆ ಒಂದು ಮಾತು. ರೊಕ್ಕ ಕಡಿಮಿ ಅನ್ನಿಸ್ತದ, ಆದ್ರ ಅರ್ಧ ಜಾಗ ಬಸ್ಸಿನ ಕಿಡಕಿಯಿಂದ ಬೆಟ್ಟು ಮಾಡಿ ತೋರಸ್ತಾರ, ಉಳಿದ ಟೈಮು ಸೀರಿ, ಶಾಲು ಅಂಗಡಿ ಮುಂದ ನಿಲ್ಲಿಸ್ತಾರ. ಖರೀದಿ ಮಾಡಬೇಕಂದ್ರ ನೀವೇ ಸರೋಜಿನಿ ನಗರಕ್ಕೋ ಜನ್‌ಪಥ್‌ಗೋ ಹೋಗ್ರಿ, ಸರೋಜಿನಿನೂ ಸೋಮವಾರ ಬಂದ್. ಚಳಿಗಾಲದಾಗ ಹೋಗೋರು ಸ್ವೆಟರ್ ಇಲ್ಲಿ ಕೊಳ್ಳಬ್ಯಾಡ್ರಿ, ಗಾಡಿಗೆ ಒಂದೊಂದು ಶಾಲು ಸಾಕು, ಅಲ್ಲಿ ಸೋವಿ, ಗಟ್ಟಿನೂ ಇರ್ತಾವ. ಹೇಳಿದ್ದರ ಅರ್ಧಕ್ಕ ಕೇಳಾಕ ಸುರು ಮಾಡ್ರಿ, ನಮ್ಮೂರ ಸಂತ್ಯಾಗ ಮಾಡಿದಂಗ ನಾಕು ಹೆಜ್ಜಿ ಹೊಂಟು ಬಿಡ್ರಿ, ಅವರೇ ಕರೀತಾರ.

ವಾಪಸ್ ಬರೋ ಕರ್ನಾಟಕ ಎಕ್ಸ್‌ಪ್ರೆಸ್ ದಿಲ್ಲಿ ಬಿಡೋದು ರಾತ್ರಿ ಹೊತ್ತು, ಅಂದ್ರ ಹೋಟೆಲ್ ಬಿಟ್ಟ ಮ್ಯಾಲೂ ಒಂದು ದಿನ ಕೈಯಾಗ ಇರ್ತದ. ಸಾಮಾನು ಸ್ಟೇಷನ್ ಕ್ಲೋಕ್ ರೂಮಿಗೆ ಹಾಕ್ರಿ, ಬೀಗ ಇಲ್ಲದ ಬ್ಯಾಗು ತಗೊಳ್ಳಂಗಿಲ್ಲ, ಒಂದೆರಡು ಸಣ್ಣ ಬೀಗ ಮನಿಯಿಂದಲೇ ಇರಲಿ. ಆ ದಿನ ದೂರ ಎಲ್ಲೂ ಹೋಗಬ್ಯಾಡ್ರಿ, ಟ್ರಾಫಿಕ್‌ನಾಗ ಸಿಕ್ಕೊಂಡ್ರ ಗಾಡಿ ತಪ್ತದ, ಜಂತರ್ ಮಂತರ್, ಕನಾಟ್ ಪ್ಲೇಸ್ ಇಷ್ಟರಾಗೇ ಮುಗಿಸ್ರಿ. ಮತ್ತ ಗಾಡಿ ರಾಯಚೂರಿಗೆ ಬರೋದು ಇನ್ನೊಂದು ನಡುರಾತ್ರಿ, ಎಲ್ಲಾರೂ ಗಾಢ ನಿದ್ದಿಯಾಗ ಇರ್ತಾರ, ಸ್ಟೇಷನ್‌ನಾಗ ನಿಲ್ಲೋದು ಸ್ವಲ್ಪ ಹೊತ್ತು. ಮಲಗೋಕಿಂತ ಮೊದಲು 139ಕ್ಕ ಫೋನ್ ಹಚ್ಚಿ ಡೆಸ್ಟಿನೇಷನ್ ಅಲರ್ಟ್ ಹಾಕ್ಸಿರಿ, ಊರು ಹತ್ರ ಬಂದಾಗ ಅವರೇ ಫೋನ್ ಮಾಡ್ತಾರ, ಜೋಡಿಗೆ ಇಬ್ಬರ ಮೊಬೈಲ್‌ನಾಗ ಅಲಾರಂ ಇರಲಿ, ಬ್ಯಾಗೆಲ್ಲಾ ಕಲಬುರಗಿ ದಾಟಿದ ಕೂಡ್ಲೆ ಬಾಗಲ ಹತ್ರ ತಂದಿಡ್ರಿ.